ತಾಯಿಗಿಡದ ಪರೀಕ್ಷೆ ನರ್ಸರಿಯಲ್ಲೇ ಆಗಲಿ

ಏಲಕ್ಕಿಗೆ ಕಟ್ಟೆ ರೋಗ ಬಂದರೆ ಮದ್ದಿಲ್ಲ ಎಂಬುದನ್ನು ಹಾನುಬಾಳು ಕಡೆಯ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆ ಎಲೆಯ ನಡುನರದಿಂದ ಅಂಚಿನವರೆಗೆ ತುಂಡು ತುಂಡಾದ ತಿಳಿ ಗೀರುಗಳು ಕಂಡವೆಂದರೆ ಗಿಡವನ್ನು ಬುಡಸಮೇತ ಕಿತ್ತು ನಾಶ ಮಾಡುವುದೇ ದಾರಿ. ಕಷ್ಟವಿರುವುದು ಗೀರು ಕಾಣುವ ಮುಂಚೆ. ವೈರಸ್ ಹೊಕ್ಕ ಮೇಲೂ ಗಿಡ ಕೆಲವು ವಾರ ಹಸಿರಾಗಿಯೇ ನಿಂತಿರುತ್ತದೆ. ಅಷ್ಟರಲ್ಲಿ ಅದರ ರಸ ಹೀರಿದ ಸಸ್ಯಹೇನುಗಳು ಪಕ್ಕದ ಗಿಡಕ್ಕೆ ದಾಟಿರುತ್ತವೆ, ಅದರ ಬುಡದಿಂದ ಕಿತ್ತ ಕಂದುಗಳು ಬೇರೆ ತೋಟ ಸೇರಿರುತ್ತವೆ. ಮೆಣಸಿನ ಬಳ್ಳಿಯನ್ನು ಕುಬ್ಜವಾಗಿಸಿ ಎಲೆ ಮುದುಡಿಸುವ ಎರಡು ವೈರಸ್‌ಗಳೂ ಮುಖ್ಯವಾಗಿ ನಾಟಿ ಕಡ್ಡಿಯ ಜೊತೆಗೇ ಊರೂರು ಸುತ್ತುತ್ತವೆ. ಹಾಗಾಗಿ ರೋಗವನ್ನು ಹಿಡಿಯಬೇಕಾದ ಜಾಗ ತೋಟವಲ್ಲ, ನರ್ಸರಿ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಡಿಎನ್‌ಎ ಓದುವ ಯಂತ್ರ ಮಲೆನಾಡಿಗೆ ಬೇಕಾಗಿರುವುದು ಇದಕ್ಕೇ.

ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪನಿಯ ಮಿನ್‌ಅಯಾನ್ 2014ರಲ್ಲಿ ಮೊದಲಿಗೆ ಸಂಶೋಧಕರ ಕೈ ಸೇರಿತು. ತೂಕ 100 ಗ್ರಾಂ ಕೂಡ ಇಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಸಾಕು. ಅತಿಸೂಕ್ಷ್ಮ ಪ್ರೋಟೀನ್ ರಂಧ್ರದಲ್ಲಿ ಡಿಎನ್‌ಎ ಎಳೆ ನುಸುಳುವಾಗ ವಿದ್ಯುತ್ ಪ್ರವಾಹ ಏರಿಳಿಯುತ್ತದೆ, ಆ ಏರಿಳಿತವೇ ಅಕ್ಷರವಾಗುತ್ತದೆ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಮಾದರಿಗಳನ್ನು ಇದರಿಂದ ಒಂದು ದಿನದೊಳಗೆ ಓದಿದರು. ಪೂರ್ವ ಆಫ್ರಿಕದಲ್ಲಿ ಮರಗೆಣಸಿನ ವೈರಸ್‌ಗಳನ್ನು ಹೊಲದಂಚಿನ ಮರದ ನೆರಳಲ್ಲೇ, ಅದೇ ದಿನ ಪತ್ತೆಮಾಡಿದರು.

ಕಟ್ಟೆ ರೋಗವೊಂದಕ್ಕೇ ಆದರೆ ಪಿಸಿಆರ್ ಪರೀಕ್ಷೆ ಸಾಲದೇ, ಅದು ಅಗ್ಗವಲ್ಲವೇ ಎಂದು ಕೇಳಬಹುದು. ಸಾಕು, ಅಗ್ಗವೂ ಹೌದು. ಆದರೆ ಪಿಸಿಆರ್ ನಾವು ಹೆಸರಿಟ್ಟು ಕೇಳಿದ್ದನ್ನು ಮಾತ್ರ ಹುಡುಕುತ್ತದೆ. ಕೇಳದೆ ಬಿಟ್ಟ ವೈರಸ್, ರೂಪ ಬದಲಿಸಿದ ತಳಿ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಮೊದಮೊದಲು ಈ ಯಂತ್ರದ ಓದಿನಲ್ಲಿ ತಪ್ಪು ಹೆಚ್ಚಿತ್ತು ನಿಜ, ಈಗ ತುಂಬ ತಗ್ಗಿದೆ. ಯಾವ ವೈರಸ್ ಎಂದು ಗುರುತಿಸಲು ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಿದರೂ ನಡೆಯುತ್ತದೆ. ಖರ್ಚಿನ ಮಾತು ಮಾತ್ರ ಗಟ್ಟಿಯಾದದ್ದು. ಯಂತ್ರಕ್ಕಿಂತ ಅದರೊಳಗೆ ಮತ್ತೆ ಮತ್ತೆ ಬದಲಿಸಬೇಕಾದ ಫ್ಲೋ ಸೆಲ್, ರಾಸಾಯನಿಕ, ಫ್ರಿಜ್ ದುಬಾರಿ. ಕಟ್ಟೆ ವೈರಸ್ಸಿನದು ಆರ್‌ಎನ್‌ಎ ಆದ್ದರಿಂದ ಅದನ್ನು ಸಾಮಾನ್ಯವಾಗಿ ಡಿಎನ್‌ಎಗೆ ಬದಲಿಸಿಕೊಂಡು ಓದಬೇಕು, ಅದಕ್ಕೆ ಪಳಗಿದ ಕೈ ಬೇಕು. ಇದನ್ನು ನರ್ಸರಿಯವರ ತಲೆಗೆ ಕಟ್ಟುವುದು ಅನ್ಯಾಯ. ಸಕಲೇಶಪುರದ ದೋಣಿಗಾಲ್‌ನಲ್ಲಿ ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವೇ ಇದೆ. ಒಂದು ಯಂತ್ರ ಅಲ್ಲಿರಲಿ. ಹತ್ತಾರು ನರ್ಸರಿಗಳ ಎಲೆಗಳಿಗೆ ಬೇರೆ ಬೇರೆ ಗುರುತು ಹಾಕಿ ಒಟ್ಟಿಗೇ ಓದಿದರೆ ತಲಾ ಖರ್ಚು ಇಳಿಯುತ್ತದೆ. ಸೋಂಕು ಸಿಕ್ಕ ತಾಯಿಗಿಡಕ್ಕೆ ಬದಲಿ ಗಿಡವನ್ನೋ ಪರಿಹಾರವನ್ನೋ ಮೊದಲೇ ಗೊತ್ತುಮಾಡಬೇಕು. ಅದಿಲ್ಲದೆ ತನ್ನ ಗಿಡದ ಎಲೆಯನ್ನು ಪರೀಕ್ಷೆಗೆ ಕೊಡು ಎಂದು ನರ್ಸರಿಯವನನ್ನು ಕೇಳಲು ಯಾವ ಇಲಾಖೆಗೂ ಮುಖವಿರುವುದಿಲ್ಲ.