ಕಿವಿ ಮಿಷನ್ ಕೊಟ್ಟಾಯಿತು, ಸೆಲ್ಲು ಯಾರು ಕೊಡುತ್ತಾರೆ? ಗ್ರಾಮಸಭೆಗೆ ಬನ್ನಿ, ಕೇಳೋಣ!

ಊರಿನ ಅಣ್ಣಂದಿರೇ, ಅಕ್ಕಂದಿರೇ, ಹಿರಿಯರೇ,

ನಮ್ಮ ಪಂಚಾಯಿತಿಯ ಎಷ್ಟೋ ಮನೆಗಳ ಬೀರುವಿನಲ್ಲಿ ಕಿವಿ ಮಿಷನ್ ಡಬ್ಬಿ ಸಮೇತ ಬಿದ್ದಿದೆ. ಶಿಬಿರದಲ್ಲಿ ಪುಕ್ಕಟೆ ಕೊಟ್ಟದ್ದು. ಕೊಟ್ಟ ದಿನ ವೇದಿಕೆ, ಹಾರ, ಫೋಟೊ ಎಲ್ಲ ಆಯಿತು. ಜೊತೆಗೆ ಬಂದ ಸೆಲ್ಲು ಮುಗಿದ ಮೇಲೆ ಮಿಷನ್ನಿನ ಕಥೆಯೂ ಮುಗಿಯಿತು.

ಕಿವಿಯ ಹಿಂದೆ ಕೂರುವ ಮಿಷನ್ನಿಗೆ ಅಂಗಿ ಗುಂಡಿಯಷ್ಟು ಸೆಲ್ಲು. ಮೇಲಿನ ಸ್ಟಿಕ್ಕರ್ ಕಿತ್ತರೆ ಗಾಳಿ ಒಳಗೆ ಹೋಗಿ ಕೆಲಸ ಶುರು. ಆಮೇಲೆ ಮಿಷನ್ ಹಾಕಿದರೂ ಬಿಟ್ಟರೂ ಅದು ಇಳಿಯುತ್ತಲೇ ಇರುತ್ತದೆ. ಜೋರು ಮಿಷನ್ನಾದರೆ ಒಂದು ವಾರ, ಹೆಚ್ಚೆಂದರೆ ಹದಿನೈದು ದಿನ. ಊರಿನ ಅಂಗಡಿಯಲ್ಲಿ ಸಿಗುವ ಸೆಲ್ಲಲ್ಲ ಇದು. ಪೇಟೆಗೆ ಹೋಗಬೇಕು, ಆ ದಿನದ ಕೂಲಿ ಬಿಡಬೇಕು.

ಮಕ್ಕಳದ್ದು ಇನ್ನೊಂದು ಗೋಳು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಳತೆ ಕೊಟ್ಟು ಮಾಡಿಸಿದ ಕಿವಿ ಅಚ್ಚು ಸಡಿಲವಾಗುತ್ತದೆ. ಸದ್ದು ಸಂದಿಯಿಂದ ಸೋರಿ ಮತ್ತೆ ಮಿಷನ್ನಿನ ಮೈಕಿಗೇ ಹೋಗಿ 'ಕುಂಯ್' ಎಂದು ಸೀಟಿ ಹೊಡೆಯುತ್ತದೆ. ಕ್ಲಾಸಿನವರೆಲ್ಲ ತಿರುಗಿ ನೋಡುತ್ತಾರೆ. ಮರುದಿನ ಹುಡುಗಿ ಮಿಷನ್ ಮುಟ್ಟುವುದಿಲ್ಲ. ಹಟಮಾರಿ ಎಂದು ಬೈಯುವ ಮುಂಚೆ ಅಚ್ಚು ನೋಡಿ.

ಸರ್ಕಾರ ಏನೂ ಕೊಡುತ್ತಿಲ್ಲ ಎಂಬುದು ನಮ್ಮ ವಾದವಲ್ಲ. ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಎ.ಡಿ.ಐ.ಪಿ. ಯೋಜನೆ 1981ರಿಂದ ಇದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ದೋಷವಿದೆ ಎಂದು ವಿಕಲಚೇತನರ ಗುರುತಿನ ಚೀಟಿ, ಅಂದರೆ ಯು.ಡಿ.ಐ.ಡಿ. ಕಾರ್ಡು ಇದ್ದು, ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ನಿಗದಿತ ಬೆಲೆಯ ಮಿಷನ್ ಪೂರ್ತಿ ಉಚಿತ. 30,000ದವರೆಗೆ ಅರ್ಧ ಬೆಲೆ. 60 ದಾಟಿದ ಬಡವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಇದೆ. ಹುಟ್ಟಿನಿಂದ ಕಿವಿ ಕೇಳದ ಪುಟ್ಟ ಮಕ್ಕಳಿಗೆ ಲಕ್ಷಗಟ್ಟಲೆ ಬೆಲೆಯ ಕಾಕ್ಲಿಯರ್ ಇಂಪ್ಲಾಂಟ್ ಕೂಡ ಉಂಟು, ಆದರೆ ಐದು ವರ್ಷದೊಳಗೆ. 'ನಮ್ಮ ಮನೆತನದಲ್ಲಿ ಮಾತು ತಡವಾಗಿಯೇ ಬರೋದು' ಎಂದು ಕೂತರೆ ಆ ಬಾಗಿಲು ಮುಚ್ಚುತ್ತದೆ.

ತೊಡಕು ಇರುವುದು ಇಲ್ಲಿ. ಎ.ಡಿ.ಐ.ಪಿ.ಯಲ್ಲಿ ಒಮ್ಮೆ ಮಿಷನ್ ಪಡೆದವರು ಮೂರು ವರ್ಷ ಮತ್ತೆ ಕೇಳುವಂತಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. ಅಲ್ಲಿಗೆ ಸೆಲ್ಲಿಲ್ಲದೆ ಜಗುಲಿಯಲ್ಲಿ ಕೂತ ಅಜ್ಜನಿಗೆ ಕಡತದ ಪ್ರಕಾರ ಕಿವಿ ಚೆನ್ನಾಗಿ ಕೇಳುತ್ತಿದೆ!

ಈ ಕೊರತೆ ತುಂಬಲು ದಿಲ್ಲಿಗೆ ಹೋಗಬೇಕಿಲ್ಲ. ಮನೆ ಕಂದಾಯ, ಮಳಿಗೆ ಬಾಡಿಗೆಯಂಥ ಸ್ವಂತ ಸಂಪನ್ಮೂಲದಲ್ಲಿ ಶೇಕಡ 5ನ್ನು ಗ್ರಾಮ ಪಂಚಾಯಿತಿ ವಿಕಲಚೇತನರಿಗೆಂದು ಮೀಸಲಿಡಲೇಬೇಕು. ಮಾರ್ಚ್ ಬಂತೆಂದು ಅವಸರದಲ್ಲಿ ಏನನ್ನೋ ಕೊಂಡು ಹಂಚಿ ಲೆಕ್ಕ ಮುಚ್ಚುವುದು ಬೇಡ. ಮಿಷನ್ ಹಾಕುವ ಪ್ರತಿಯೊಬ್ಬರಿಗೂ ವರ್ಷವಿಡೀ ಸೆಲ್ಲು, ಮಕ್ಕಳಿಗೆ ಸಡಿಲವಾದಾಗಲೆಲ್ಲ ಹೊಸ ಅಚ್ಚು, ರಿಪೇರಿಗೆ ಹೋಗಿಬರುವ ಖರ್ಚು: ಈ ಮೂರೂ ಈ ಸಲದ ಕ್ರಿಯಾಯೋಜನೆಯಲ್ಲಿ ಬರಬೇಕು. ಪಿ.ಡಿ.ಒ. ಸಾಹೇಬರು 'ನೋಡೋಣ' ಎಂದರೆ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ.

ಬರುವಾಗ ಕೆಟ್ಟ ಮಿಷನ್ನನ್ನೂ ತನ್ನಿ. ಮೇಜಿನ ಮೇಲೆ ಸಾಲಾಗಿ ಇಡೋಣ, ಎಷ್ಟಿವೆ ಎಂದು ಅಧ್ಯಕ್ಷರೇ ಎಣಿಸಲಿ. ಯು.ಡಿ.ಐ.ಡಿ. ಕಾರ್ಡು ಇಲ್ಲದವರು ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿ.ಆರ್.ಡಬ್ಲ್ಯೂ.) ಹಿಡಿಯಿರಿ, ಅರ್ಜಿ ಹಾಕಿಸುವುದು ಅವರ ಕೆಲಸವೇ. ಕಿವಿ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯ ಇ.ಎನ್.ಟಿ. ವಿಭಾಗವಿದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಅಲ್ಲಿ ಅಚ್ಚನ್ನೂ ಮಾಡಿಕೊಡುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567. ಫೋನಿನಲ್ಲಿ ಕೇಳಿಸದವರ ಪರವಾಗಿ ಮನೆಯವರು ಮಾತಾಡಿ.

ಸಭೆಯಲ್ಲೂ ಒಂದು ಕೆಲಸವಿದೆ. ಕಿವಿ ಮಂದವಾದವರಿಗೆ ಮುಂದಿನ ಸಾಲು ಬಿಡಿ. ತೀರ್ಮಾನಗಳನ್ನು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯಿಸಿ. ಸನ್ನೆಯಲ್ಲಿ ತಿಳಿಸಬಲ್ಲವರು ಪಕ್ಕದಲ್ಲಿ ಕೂರಿ.

ಗ್ರಾಮಸಭೆ ಎಂದು ಆಟೊಗೆ ಮೈಕ್ ಕಟ್ಟಿ ಸಾರುತ್ತಾರೆ. ಯಾರಿಗಾಗಿ ಈ ಬೇಡಿಕೆಯೋ ಅವರಿಗೆ ಅದು ಕೇಳುವುದಿಲ್ಲ. ನಿಮ್ಮ ಬೀದಿಯ ಒಬ್ಬರ ಮನೆಗಾದರೂ ಹೋಗಿ, ಈ ಕಾಗದ ಕೈಗೆ ಕೊಟ್ಟು, ಜೊತೆಯಲ್ಲೇ ಕರೆದುಕೊಂಡು ಬನ್ನಿ.

ಇಂತಿ,
ಊರಿನ ಕಿವಿ ಕೇಳದವರು ಮತ್ತು ಅವರ ಮನೆಯವರು