ಈಚಲು ಮರ ನಕ್ಷೆಯಲ್ಲಿಲ್ಲ

ಬೆಂಗಳೂರಿನಲ್ಲಿ ಕ್ರಾಫ್ಟ್ ಬಿಯರ್ ನಡಿಗೆ ಮಾಡುವುದಕ್ಕೆ ಗೈಡ್ ಬೇಕಿಲ್ಲ. ಫೋನಿನ ನಕ್ಷೆಯಲ್ಲಿ ನಾಲ್ಕೈದು ಕಡೆ ಗುರುತು ಹಾಕಿಕೊಂಡರೆ ಸಾಕು. ಎಂ.ಜಿ. ರಸ್ತೆಯ ಮೆಟ್ರೋದಲ್ಲಿ ಇಳಿದು ಮ್ಯಾಗ್ರತ್ ರಸ್ತೆ, ರೆಸ್ಟ್ ಹೌಸ್ ರಸ್ತೆ, ಚರ್ಚ್ ಸ್ಟ್ರೀಟ್, ಅಲ್ಲಿಂದ ಸೇಂಟ್ ಮಾರ್ಕ್ಸ್ ರಸ್ತೆ ದಾಟಿ ವಿಠಲ್ ಮಲ್ಯ ರಸ್ತೆ. ಕಾಲು ಇನ್ನೂ ನೆಟ್ಟಗಿದ್ದರೆ ಮತ್ತೆ ಮೆಟ್ರೋ ಹತ್ತಿ ಇಂದಿರಾನಗರದ ನೂರಡಿ ರಸ್ತೆ. ನಾನೂ ನಡೆದಿದ್ದೇನೆ. ಬಿಯರ್ ಚೆನ್ನಾಗಿಯೇ ಇತ್ತು. ನನ್ನ ತಕರಾರು ಬಿಯರಿನ ಮೇಲಲ್ಲ, ಈ ನಡಿಗೆಯ ಜೊತೆ ಪುಕ್ಕಟೆಯಾಗಿ ಬರುವ ಕತೆಯ ಮೇಲೆ.

ಕತೆ ಎಲ್ಲರಿಗೂ ಗೊತ್ತು. 1809ರಲ್ಲಿ ದಂಡು ಪ್ರದೇಶ ಹುಟ್ಟಿತು, ಸೋಲ್ಜರುಗಳಿಗೆ ಬಿಯರ್ ಬೇಕಾಯಿತು. 1915ರಲ್ಲಿ ಥಾಮಸ್ ಲೀಷ್‌ಮನ್ ಸಣ್ಣ ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಮುಂದೆ ವಿಠಲ್ ಮಲ್ಯ ಬಂದರು, ಗ್ರಾಂಟ್ ರಸ್ತೆಗೆ ಅವರ ಹೆಸರು ಬಂತು, ಹಳೇ ಬ್ರೂವರಿ ಇದ್ದ ಜಾಗದಲ್ಲಿ ಯುಬಿ ಸಿಟಿ ಎದ್ದಿತು. 1989ರಲ್ಲಿ ಪೆಕೋಸ್. 2010ರಲ್ಲಿ ಟಾಯ್ಟ್ (ನಮ್ಮ 'ಟೈಟ್' ಆಗುವುದನ್ನು ಇದಕ್ಕಿಂತ ಚೆನ್ನಾಗಿ ನೆನಪಿಸುವ ಹೆಸರಿಲ್ಲ), 2011ರಲ್ಲಿ ಬಿಯರ್ ಕ್ಲಬ್, 2012ರಲ್ಲಿ ಅಮೆರಿಕದ ಮಿಷಿಗನ್ನಿನಿಂದ ಬಂದ ಆರ್ಬರ್. ಹೀಗೆ ಊರು ಹಂತಹಂತವಾಗಿ ಒಳ್ಳೆಯದನ್ನು ಕುಡಿಯಲು ಕಲಿಯಿತಂತೆ.

ಈ ಕತೆಯಲ್ಲಿ ದಂಡಿನವರು ಬರುವ ಮೊದಲು ಇಲ್ಲಿ ಯಾರೂ ಏನನ್ನೂ ಕುಡಿಯುತ್ತಿರಲಿಲ್ಲ. ದಂಡಿನಾಚೆ, ಪೇಟೆಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ಇದ್ದ ಪಡಖಾನೆಗಳಿಗೆ ಅದರಲ್ಲಿ ಜಾಗವೇ ಇಲ್ಲ.

ಕ್ರಾಫ್ಟ್ ಬಿಯರಿನವರು ತಮ್ಮ ಸರಕನ್ನು ಹೊಗಳುವ ಮಾತುಗಳನ್ನು ಒಮ್ಮೆ ಗಮನವಿಟ್ಟು ಕೇಳಿ. ದೊಡ್ಡ ಕಾರ್ಖಾನೆಯದಲ್ಲ, ಸಣ್ಣ ಪ್ರಮಾಣದಲ್ಲಿ ಮಾಡಿದ್ದು. ತಾಜಾ. ಸೋಸಿ ಕಾಯಿಸಿ ಜೀವ ತೆಗೆದಿಲ್ಲ. ಯೀಸ್ಟ್ ಇನ್ನೂ ಬದುಕಿದೆ, ಅದಕ್ಕೇ ಮಬ್ಬಾಗಿದೆ. ಹೆಫೆವೈಟ್ಸನ್ ಎಂಬ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ; ಬಾಳೆಯನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ, ಎರಡೂ ಯೀಸ್ಟಿನ ಕೈಚಳಕ. ಇದನ್ನು ಕೇಳಿದಾಗ ನನಗೂ ಬೆರಗಾಗುತ್ತದೆ. ಈಗ ಈಚಲು ಮರದ ಹೆಂಡವನ್ನು ನೋಡಿ. ಮರದಿಂದ ರಸ ಇಳಿಯುತ್ತಿರುವಾಗಲೇ ಗಾಳಿಯ ಯೀಸ್ಟ್ ಅದರಲ್ಲಿ ಕೆಲಸ ಶುರು ಮಾಡುತ್ತದೆ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಮರುದಿನಕ್ಕೆ ವಿನೆಗರಿನ ದಾರಿ. ಅಮಲಿನ ಅಂಶ ಹೆಚ್ಚುಕಡಿಮೆ ಬಿಯರಿನಷ್ಟೇ, ಶೇಕಡಾ ನಾಲ್ಕೈದು. ಸ್ಥಳೀಯ, ತಾಜಾ, ಸಣ್ಣ ಪ್ರಮಾಣ: ಪಟ್ಟಿಯ ಒಂದೊಂದು ಗುಣವೂ ಇದಕ್ಕೆ ಬಿಯರಿಗಿಂತ ಚೆನ್ನಾಗಿ ಒಪ್ಪುತ್ತದೆ. ಹಾಪ್ಸ್ ಹೂವನ್ನು ಜರ್ಮನಿಯಿಂದಲೋ ಅಮೆರಿಕದಿಂದಲೋ ತರಿಸಿಕೊಂಡು 'ಲೋಕಲ್' ಎಂದು ಬರೆದುಕೊಳ್ಳುವ ಕಷ್ಟವೂ ಇಲ್ಲ. ಒಂದೇ ವ್ಯತ್ಯಾಸ. ಬೆಂಗಳೂರಿನಲ್ಲಿ ಅದನ್ನು ಇಳಿಸಿ ಮಾರುವುದು ಅಪರಾಧ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರ್ತೆದಾರರು ಕಾನೂನಿನಡಿಯೇ ಸೇಂದಿ ಇಳಿಸುತ್ತಾರೆ. ಬಯಲುಸೀಮೆಯ ಈಚಲು ಮರಕ್ಕೆ ಆ ಭಾಗ್ಯವಿಲ್ಲ.

'ಕ್ರಾಫ್ಟ್' ಎಂದರೆ ಕಸುಬು. ಮರ ಹತ್ತುವುದು, ಎಷ್ಟು ಕೆತ್ತಿದರೆ ಮರ ಸಾಯದೆ ರಸ ಕೊಡುತ್ತದೆ ಎಂದು ಕೈಯಿಂದಲೇ ತಿಳಿಯುವುದು, ಯಾವ ಹೊತ್ತಿಗೆ ಮಡಕೆ ಇಳಿಸಬೇಕೆಂಬ ಅಂದಾಜು: ಈಡಿಗರು ತಲೆಮಾರುಗಳಿಂದ ಇಟ್ಟುಕೊಂಡು ಬಂದ ಈ ತಿಳಿವಳಿಕೆ ಕಸುಬಲ್ಲದೆ ಇನ್ನೇನು? ಅದನ್ನು ಮಾಡಿದವನ ಮೇಲೆ ಅಬಕಾರಿ ಕೇಸು. ಸ್ಟೀಲ್ ಟ್ಯಾಂಕಿನ ಕವಾಟ ತಿರುಗಿಸುವವರಿಗೆ ಪತ್ರಿಕೆಯ ಪುರವಣಿಯಲ್ಲಿ ಸಂದರ್ಶನ. ಇಬ್ಬರ ನಡುವೆ ಇರುವುದು ರುಚಿಯ ಅಂತರವಲ್ಲ, ಜಾತಿ ಮತ್ತು ದುಡ್ಡಿನ ಅಂತರ.

ಸರ್ಕಾರದ ಲೆಕ್ಕವನ್ನೂ ನೋಡೋಣ. ಸಾರಾಯಿಯನ್ನು 2007ರ ಜುಲೈ 1ರಿಂದ ನಿಲ್ಲಿಸಲಾಯಿತು. ಮೂರೇ ವರ್ಷಕ್ಕೆ ನಗರದಲ್ಲಿ ಮೈಕ್ರೋಬ್ರೂವರಿಯ ಬಾಗಿಲು ತೆರೆಯಿತು. ನಡುವೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರು ನೂರೈವತ್ತಕ್ಕೂ ಹೆಚ್ಚು ಜನ. ಬಿಯರ್ ನಡಿಗೆಯ ಕಾಲಾನುಕ್ರಮಣಿಕೆಯಲ್ಲಿ 2008 ಎಂಬ ವರ್ಷವನ್ನು ನಾನೆಲ್ಲೂ ಕಂಡಿಲ್ಲ. ಉಳಿದ ಬಡವರು ಯಾವುದಕ್ಕೆ ಹೊರಳಿದರು? ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಬಣ್ಣ, ವಾಸನೆ ಬೆರೆಸಿದ ಅಗ್ಗದ ವಿಸ್ಕಿಯ ತೊಂಬತ್ತು ಎಂ.ಎಲ್. ಟೆಟ್ರಾ ಪ್ಯಾಕಿಗೆ. ಅದರಲ್ಲಿ ಆಲ್ಕೋಹಾಲು ಶೇಕಡಾ 42.8. ಅಂದರೆ ಕೂಲಿಯವನಿಗೆ ಶೇಕಡಾ ಐದರ ಹೆಂಡ ಅಪಾಯ, ಅದರ ಎಂಟು ಪಟ್ಟು ಕಟುವಾದದ್ದು ಕಾನೂನುಬದ್ಧ. ಜನರ ಆರೋಗ್ಯಕ್ಕಾಗಿ ಮಾಡಿದ ಲೆಕ್ಕವಂತೂ ಇದಲ್ಲ, ಬೊಕ್ಕಸಕ್ಕಾಗಿ ಮಾಡಿದ್ದಿರಬೇಕು.

ಎದುರು ಮಾತುಗಳಿವೆ, ಹಗುರವಾದವೂ ಅಲ್ಲ. ಸಾರಾಯಿ ನಿಲ್ಲಿಸಿ ಎಂದು ಬೀದಿಗಿಳಿದವರು ಬಡ ಹೆಂಗಸರೇ. ಗಂಡನ ಕೂಲಿ ಅಂಗಡಿಗೆ ಹೋಗುವುದನ್ನು ದಿನಾ ಕಂಡವರ ಸಿಟ್ಟನ್ನು ಗ್ರಂಥಾಲಯದಲ್ಲಿ ಕೂತ ನನ್ನಂಥವರು ತಿದ್ದಲು ಹೋಗಬಾರದು. ಆದರೆ ಅವರು ಕೇಳಿದ್ದು ಮನೆಗೆ ದುಡ್ಡು ಬರಲಿ ಎಂದು; ಸಿಕ್ಕಿದ್ದು ಟೆಟ್ರಾ ಪ್ಯಾಕು. ಇನ್ನೊಂದು, ಈ ಬ್ರೂವರಿಗಳಲ್ಲಿ ಹೆಣ್ಣುಮಕ್ಕಳು ಯಾರ ದೃಷ್ಟಿಗೂ ಅಂಜದೆ ಕೂತು ಒಂದು ಗ್ಲಾಸ್ ಕುಡಿದು ಎದ್ದು ಹೋಗುತ್ತಾರೆ. 2009ರಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ಕಂಡ ರಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ. ಮೂಲೆಯ ಸ್ಟ್ಯಾಂಡಿಂಗ್ ಬಾರಿನಲ್ಲಿ ಅದು ಇವತ್ತಿಗೂ ಆಗದು. ಬಿಯರಿನವರಿಗೆ ಈ ಮಟ್ಟಿಗೆ ನನ್ನ ನಮಸ್ಕಾರ.

ಈಗ ನಮ್ಮವರ ಕಡೆಗೆ, ಅಂದರೆ ಸಾಹಿತ್ಯದವರ ಕಡೆಗೆ ತಿರುಗುತ್ತೇನೆ. ಬಿಯರ್ ನಕ್ಷೆ ಮಾಡಿದವರಿಗೆ ಕನ್ನಡ ಗೊತ್ತಿರಲಿಕ್ಕಿಲ್ಲ, ನಮಗೆ ಆ ನೆಪವೂ ಇಲ್ಲ. ಈ ಸೀಮೆಯ ಕುಡುಕನ ಆಡುಮಾತನ್ನೇ ಕಾವ್ಯವಾಗಿಸಿದ ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ನಮ್ಮ ಪಠ್ಯದಲ್ಲಿದೆ, ಸುಗಮ ಸಂಗೀತದ ವೇದಿಕೆಯಲ್ಲಿದೆ. ಮೈಸೂರು ಅನಂತಸ್ವಾಮಿಯವರ ರಾಗಕ್ಕೆ ತಲೆದೂಗದವರು ಯಾರು? ಎಂಡ್ಕುಡ್ಕ ರತ್ನನನ್ನು ಹಾಡಿ ಚಪ್ಪಾಳೆ ತಟ್ಟುತ್ತೇವೆ. ಅವನ ನಂಜಿಯನ್ನು ಮೆಚ್ಚುತ್ತೇವೆ. ಅವನ ಎಂಡ ಮಾತ್ರ ನಮಗೆ ರೂಪಕ. ರತ್ನ ಈಗ ಬದುಕಿದ್ದರೆ ಅವನು ಕುಡಿಯುವುದು ಕಾನೂನುಬಾಹಿರ, ಅವನಿಗೆ ಅಳೆದುಕೊಡುವವನು ಆರೋಪಿ ಎಂಬುದನ್ನು ಯಾವ ಸೆಮಿನಾರಿನಲ್ಲೂ ನಾನು ಕೇಳಿಲ್ಲ. ಸೆಮಿನಾರು ಮುಗಿಸಿ ಬಿಯರಿಗೆ ಹೋಗಿರುವುದುಂಟು.

ಟಾಯ್ಟಿನಲ್ಲಿ 'ಬಾಸ್ಮತಿ ಬ್ಲಾಂಡ್' ಎಂಬ ಬಿಯರಿದೆ. ಹಗುರ, ಒಳ್ಳೆಯ ರುಚಿ. ಅನ್ನ ಉಣ್ಣುವ ಊರಿನ ಬಿಯರಿಗೂ ಉತ್ತರದ ಅಕ್ಕಿಯೇ ಬೇಕಾಯಿತಲ್ಲ ಎಂದು ಪ್ರತಿಸಲವೂ ಅನ್ನಿಸುತ್ತದೆ, ಆದರೂ ತರಿಸಿಕೊಳ್ಳುತ್ತೇನೆ.

ಹೆಂಡಕ್ಕೆ ಅನುಮತಿ ಕೊಟ್ಟರೆ ಕಲಬೆರಕೆ ಎನ್ನುವವರಿಗೆ ಒಂದು ಮಾತು. ನಿಜ, ಕ್ಲೋರಲ್ ಹೈಡ್ರೇಟ್ ಪುಡಿ ಕಲಸಿದ ನಕಲಿ ಸೇಂದಿ ರಾಯಚೂರಿನ ಕಡೆ ಜನರನ್ನು ಹಾಳು ಮಾಡಿದೆ, ನಿಷೇಧ ಇರುವಾಗಲೇ ಮಾಡಿದೆ. ಮರವೇ ಇಲ್ಲದ ಕಡೆ ಪುಡಿಯಿಂದಲೇ ಸೇಂದಿ ಹುಟ್ಟುತ್ತದೆ. ಕೇರಳದಲ್ಲಿ ಶಾಪುಗಳಿಗೆ ಲೈಸೆನ್ಸಿದೆ, ಮರಕ್ಕೆ ತೆರಿಗೆ ಕಟ್ಟಬೇಕು. ಎಷ್ಟು ಮರ, ಎಷ್ಟು ಸೇಂದಿ ಎಂದು ತಾಳೆ ನೋಡಬಹುದು. ಅಲ್ಲಿಯೂ ಕಲಬೆರಕೆ ಪೂರಾ ನಿಂತಿಲ್ಲ, ಆದರೆ ಹಿಡಿಯುವುದಕ್ಕೆ ಒಂದು ದಾರಿಯಾದರೂ ಇದೆ. ಬ್ರೂವರಿಯ ಟ್ಯಾಂಕಿನ ಲೆಕ್ಕ ಇಡುವ ನಮ್ಮ ಅಬಕಾರಿ ಇಲಾಖೆಗೆ ಮರದ ಲೆಕ್ಕ ಇಡಲು ಬಾರದೆ? ಮಾಗಡಿ, ಕನಕಪುರದ ಕಡೆ ಕೆರೆಯಂಚಿನಲ್ಲಿ ಈಚಲು ಇನ್ನೂ ನಿಂತಿದೆ. ಹತ್ತಲು ಬರುವವರಿಗೆ ವಯಸ್ಸಾಗುತ್ತಿದೆ.