ಫರ್ ಕೃಷಿ: ನೆಡುವಾಗಿನ ಉಳಿತಾಯ

ಕ್ರಿಸ್‌ಮಸ್ ಹಬ್ಬಕ್ಕೆಂದು ಅಮೆರಿಕದಲ್ಲಿ ಮಾರಾಟವಾಗುವ ಫರ್ ಮರವು ಒಂದು ವರ್ಷದ ಸರಕಲ್ಲ. ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮ ಗುಡ್ಡಗಾಡಿನಲ್ಲಿ ಬೆಳೆಸುವ ಫ್ರೇಸರ್ ಫರ್ ಸಸಿಯು ಮೊದಲ ನಾಲ್ಕೈದು ವರ್ಷಗಳನ್ನು ನರ್ಸರಿಯಲ್ಲಿಯೇ ಕಳೆಯುತ್ತದೆ. ತೋಟದಲ್ಲಿ ನೆಟ್ಟ ಬಳಿಕ ಆರೇಳು ಅಡಿ ಎತ್ತರಕ್ಕೆ ಬರಲು ಮತ್ತೆ ಏಳೆಂಟು ವರ್ಷಗಳು ಬೇಕು. ಆ ಅವಧಿಯುದ್ದಕ್ಕೂ ಕಳೆ ತೆಗೆಯುವುದು, ಗೊಬ್ಬರ ಕೊಡುವುದು, ಗೋಪುರದ ಆಕಾರ ಬರುವಂತೆ ಕೊಂಬೆ ಸವರುವುದು ನಡೆದೇ ಇರಬೇಕು. ಅಡಿಕೆ ತೋಟ ಕಟ್ಟಿದವರಿಗೆ ಈ ಕಾಯುವಿಕೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

2008ರ ಆರ್ಥಿಕ ಹಿಂಜರಿತದ ಸಮಯದಲ್ಲಿ ಅಲ್ಲಿನ ಮಾರುಕಟ್ಟೆಯಲ್ಲಿ ಮರಗಳು ಬೇಡಿಕೆಗಿಂತ ಹೆಚ್ಚಾಗಿದ್ದು, ಬೆಲೆ ಕುಸಿದಿತ್ತು. ಅನೇಕ ಬೆಳೆಗಾರರು ಹೊಸ ಸಸಿ ನೆಡುವುದನ್ನು ಕಡಿಮೆ ಮಾಡಿದರು. ಕೆಲವರು ಕಸುಬನ್ನೇ ತೊರೆದರು. ಆ ವರ್ಷದ ಲೆಕ್ಕಪತ್ರದಲ್ಲಿ ಅದು ಉಳಿತಾಯವೆಂದೇ ಕಂಡಿರಬೇಕು. 2017ರ ಹಬ್ಬದ ವೇಳೆಗೆ ಮರಗಳ ಕೊರತೆ ತಲೆದೋರಿ ಬೆಲೆ ಏರಿತು. ಏರಿದ ಬೆಲೆಯ ಲಾಭ ದೊರೆತದ್ದು ಮಂದಿಯ ಕಾಲದಲ್ಲಿಯೂ ನೆಟ್ಟವರಿಗೆ ಮಾತ್ರ. ಇತರರು ಎಷ್ಟೇ ಹಣ ಸುರಿದರೂ ಹತ್ತು ವರ್ಷದ ಮರವನ್ನು ಆ ಡಿಸೆಂಬರ್‌ಗೆ ಬೆಳೆಸಲಾಗುತ್ತಿರಲಿಲ್ಲ. ಕೈಯಲ್ಲಿ ಹಣವಿಲ್ಲದೆ ನಿಲ್ಲಿಸಿದವರನ್ನು ದೂಷಿಸಲಾಗದು. ಆದರೆ ಶಕ್ತಿಯಿದ್ದೂ ಅಂದಿನ ಧಾರಣೆಯೊಂದನ್ನೇ ನೋಡಿ ಕೈಬಿಟ್ಟದ್ದು ವ್ಯಾಪಾರಧರ್ಮವೆನಿಸದು. ಇಂದು ನೆಡುವ ಸಸಿಗೂ ಇಂದಿನ ಧಾರಣೆಗೂ ಸಂಬಂಧವೇ ಇಲ್ಲ.

ಸಸಿಯ ಸಂಖ್ಯೆಯಲ್ಲಿ ಮಾಡುವ ಉಳಿತಾಯಕ್ಕಿಂತಲೂ ನೆಲದ ವಿಷಯದಲ್ಲಿ ಮಾಡುವ ಉಳಿತಾಯ ಹೆಚ್ಚು ಅಪಾಯಕಾರಿ. ಫ್ರೇಸರ್ ಫರ್ ಎತ್ತರದ ಬೆಟ್ಟಗಳ ತಂಪಿನಲ್ಲಿ, ನೀರು ಬಸಿದುಹೋಗುವ ಹುಳಿಮಣ್ಣಿನಲ್ಲಿ ಹುಟ್ಟಿದ ಜಾತಿ. ನೀರು ನಿಲ್ಲುವ ಜೇಡಿಯಲ್ಲಿ ನೆಟ್ಟರೆ ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬೇರು ಕೊಳೆಯುತ್ತದೆ. ನಮ್ಮ ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗವನ್ನೂ ಕಾಳುಮೆಣಸಿಗೆ ಶೀಘ್ರ ಸೊರಗು ರೋಗವನ್ನೂ ತರುವುದು ಇದೇ ಕುಲದ ರೋಗಾಣುಗಳು. ಬೇರು ಕೊಳೆತ ಫರ್ ಮರವನ್ನು ಗುಣಪಡಿಸುವ ಔಷಧವಿಲ್ಲ. ಒಮ್ಮೆ ನೆಲೆಯೂರಿದ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಡುವುದೂ ವ್ಯರ್ಥ. ಬಸಿಗಾಲುವೆಗೆ ತಗಲುವ ವೆಚ್ಚವನ್ನು ಮುಂದಕ್ಕೆ ಹಾಕುವವರು ಈ ನಷ್ಟವನ್ನು ತಮ್ಮ ಲೆಕ್ಕದಲ್ಲಿ ಹಿಡಿದಿರುವುದಿಲ್ಲ.

ಅಂದಕ್ಕಾಗಿ ಮನೆಯಂಗಳದಲ್ಲೋ ಕಾರ್ಖಾನೆಯ ಆವರಣದಲ್ಲೋ ಒಂದೆರಡು ಮರ ಬಯಸುವವರಿಗೆ ಅಲ್ಲಿ ಇನ್ನೊಂದು ದಾರಿಯಿದೆ. ಜಪಾನಿನ ಮೋಮಿ ಫರ್ ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುವುದರಿಂದ, ಅದರ ಬೇರಿನ ಮೇಲೆ ಫ್ರೇಸರ್ ಫರ್ ಕಸಿ ಕಟ್ಟಿದ ಗಿಡಗಳನ್ನು ಬೆಳೆಸುತ್ತಾರೆ. ಕಸಿಯ ಕೂಲಿ ಸೇರುವುದರಿಂದ ಅವುಗಳ ಬೆಲೆ ಹೆಚ್ಚು. ತಗ್ಗುಪ್ರದೇಶದ ಜಿಗುಟು ಮಣ್ಣಿನವರು ಕೇಳಿ ಕೊಳ್ಳಬೇಕಾದದ್ದು ಆ ದುಬಾರಿ ಗಿಡವನ್ನೇ.